ಪೆಟ್ಟಿಗೆಯೊಳಗೊಂದು ಹವಾನಾ

1941ರ ಏಪ್ರಿಲ್ ತಿಂಗಳ ಒಂದು ರಾತ್ರಿ. ಲಂಡನ್ ನಗರದ ಮೇಲೆ ಜರ್ಮನ್ ವಿಮಾನಗಳು ಬಾಂಬುಗಳ ಮಳೆಗರೆಯುತ್ತಿದ್ದವು. ಡ್ಯೂಕ್ ಸ್ಟ್ರೀಟ್‌ನಲ್ಲಿದ್ದ ಡನ್‌ಹಿಲ್ ಎಂಬ ಹೆಸರಾಂತ ಹೊಗೆಸೊಪ್ಪಿನ ಮಳಿಗೆಯೂ ಅಂದು ಬಾಂಬಿಗೆ ತುತ್ತಾಯಿತು. ಬೆಳಗಾಗುವ ಮೊದಲೇ ಮಳಿಗೆಯ ವ್ಯವಸ್ಥಾಪಕ ಪ್ರಧಾನಿ ವಿನ್‌ಸ್ಟನ್ ಚರ್ಚಿಲ್ ಅವರಿಗೆ ದೂರವಾಣಿ ಕರೆ ಮಾಡಿ, ಅವರ ಸಿಗಾರ್‌ಗಳಿಗೆ ಏನೂ ಆಗಿಲ್ಲವೆಂದು ವರದಿ ಒಪ್ಪಿಸಿದನಂತೆ. ಈ ಕಥೆಯನ್ನು ಸಿಗಾರ್ ಪ್ರಿಯರು ಇಂದಿಗೂ ಹೇಳಿಕೊಂಡು ನಗುತ್ತಾರೆ.

ಕಥೆ ಸ್ವಾರಸ್ಯಕರವಾಗಿಯೇ ಇದೆ. ಆದರೆ ಇದರ ಹಿಂದೆ ಒಂದು ಪ್ರಶ್ನೆ ಉಳಿಯುತ್ತದೆ. ಒಂದು ದೇಶದ ಪ್ರಧಾನಿಯ ಸಿಗಾರ್‌ಗಳು ಅವರ ಮನೆಯಲ್ಲಿರದೆ ಅಂಗಡಿಯಲ್ಲೇಕೆ ಇದ್ದವು? ಹಣ ಕೊಟ್ಟು ಕೊಂಡ ವಸ್ತುವನ್ನು ಅಂಗಡಿಯವನ ವಶದಲ್ಲೇ ಬಿಡುವ ಪದ್ಧತಿ ಹೇಗೆ ಬಂತು?

ಉತ್ತರ ಸರಳ. ಸಿಗಾರ್ ಕೊಳ್ಳುವುದಕ್ಕಿಂತ ಅದನ್ನು ಕೆಡದಂತೆ ಇಟ್ಟುಕೊಳ್ಳುವುದೇ ಕಷ್ಟ. ಹವಾನಾದಿಂದ ಲಂಡನ್‌ವರೆಗೆ, ಜಿನೀವಾದ ನೆಲಮಾಳಿಗೆಯಿಂದ ಇಂದಿನ ಮನೆಯ ವೈನ್ ಕೂಲರ್‌ವರೆಗೆ ಸುಮಾರು ಇನ್ನೂರು ವರ್ಷಗಳಿಂದ ನಡೆದಿರುವುದು ಒಂದೇ ಪ್ರಯತ್ನ. ಕ್ಯೂಬಾದಿಂದ ಸಾವಿರಾರು ಮೈಲಿ ದೂರದಲ್ಲಿ, ಪುಟ್ಟ ಪೆಟ್ಟಿಗೆಯೊಂದರಲ್ಲಿ ಕ್ಯೂಬಾದ ಗಾಳಿಯನ್ನು ಕಟ್ಟಿಡುವ ಪ್ರಯತ್ನ ಅದು.

ಎಲೆ ಎಂದಿಗೂ ಎಲೆಯೇ

ಸಿಗಾರ್ ಎಂದರೆ ಮತ್ತೇನಲ್ಲ, ಹೊಗೆಸೊಪ್ಪಿನ ಎಲೆಗಳ ಸುರುಳಿ. ಕನ್ನಡದಲ್ಲಿ ಅದಕ್ಕೆ ಚುರುಟು ಎಂಬ ಹೆಸರಿದೆ. ತಮಿಳಿನ ಸುರುಟ್ಟು, ಇಂಗ್ಲಿಷಿನ ಚೆರೂಟ್ ಎಲ್ಲವೂ ಸುತ್ತುವ ಕ್ರಿಯೆಯಿಂದ ಬಂದ ಒಂದೇ ಮನೆತನದ ಪದಗಳು. ಸಿಗರೇಟಿನಂತೆ ಇಲ್ಲಿ ಕಾಗದವಿಲ್ಲ. ಒಳಗೆ ತುಂಬುವ ಎಲೆ, ಅದನ್ನು ಹಿಡಿದಿಡುವ ಎಲೆ, ಹೊರಗೆ ಸುತ್ತುವ ತೆಳುವಾದ ನಯವಾದ ಎಲೆ, ಎಲ್ಲವೂ ಹೊಗೆಸೊಪ್ಪೇ.

ಎಲೆ ಗಿಡದಿಂದ ಬೇರ್ಪಟ್ಟರೂ ಗಾಳಿಯೊಂದಿಗಿನ ಅದರ ನಂಟು ತಪ್ಪುವುದಿಲ್ಲ. ಸುತ್ತಲಿನ ಗಾಳಿ ಒದ್ದೆಯಾಗಿದ್ದರೆ ತೇವವನ್ನು ಹೀರಿಕೊಳ್ಳುತ್ತದೆ, ಒಣಗಿದ್ದರೆ ತನ್ನಲ್ಲಿರುವ ತೇವವನ್ನು ಬಿಟ್ಟುಕೊಡುತ್ತದೆ. ಇದು ನಮಗೆ ಹೊಸ ಸಂಗತಿಯೇನಲ್ಲ. ವೀಳ್ಯದೆಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡುವ ಅಜ್ಜಿಗೂ, ಮಳೆಗಾಲದಲ್ಲಿ ಹಪ್ಪಳದ ಡಬ್ಬದ ಮುಚ್ಚಳ ಬಿಗಿ ಮಾಡುವ ಗೃಹಿಣಿಗೂ ಈ ವಿಜ್ಞಾನ ಚೆನ್ನಾಗಿ ಗೊತ್ತು. ಸಿಗಾರಿನ ತೊಡಕೆಂದರೆ ಅದಕ್ಕೆ ವೀಳ್ಯದೆಲೆಯಷ್ಟು ಒದ್ದೆಯೂ ಆಗದು, ಹಪ್ಪಳದಷ್ಟು ಒಣಗೂ ಆಗದು. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ 65ರಿಂದ 70ರ ಆಸುಪಾಸಿನಲ್ಲಿರಬೇಕು. ಉಷ್ಣಾಂಶ 18ರಿಂದ 21 ಡಿಗ್ರಿ ಸೆಲ್ಸಿಯಸ್‌ನೊಳಗಿದ್ದರೆ ಕ್ಷೇಮ.

ಈ ಗಡಿ ದಾಟಿದರೆ ಏನಾಗುತ್ತದೆ? ತೇವ ಕಡಿಮೆಯಾದರೆ ಹೊರ ಎಲೆ ಬಿರಿಯುತ್ತದೆ, ಸುವಾಸನೆ ನೀಡುವ ತೈಲಾಂಶ ಆರಿಹೋಗುತ್ತದೆ. ತೇವ ಹೆಚ್ಚಾದರೆ ಬೂಷ್ಟು ಹಿಡಿಯುತ್ತದೆ. ಸೆಕೆ ಏರಿದರೆ ಎಲೆಯೊಳಗೆ ಅಡಗಿರಬಹುದಾದ ಮೊಟ್ಟೆಗಳಿಂದ ಹುಳುಗಳು ಹೊರಬರುತ್ತವೆ. ಹೊಗೆಸೊಪ್ಪಿನ ದುಂಬಿ ಎಂದು ಕರೆಯುವ, ಎರಡು ಮೂರು ಮಿಲಿಮೀಟರ್ ಉದ್ದದ ಈ ಕಂದು ಕೀಟ ನಮ್ಮ ಅಡುಗೆಮನೆಯ ಮೆಣಸಿನಕಾಯಿ, ಅರಿಸಿನದ ಡಬ್ಬಗಳಲ್ಲೂ ಕಾಣಿಸಿಕೊಳ್ಳುವಂಥದ್ದೇ. ಇದು ಸಿಗಾರನ್ನು ಕೊರೆದು ಸೂಜಿ ಚುಚ್ಚಿದಂಥ ತೂತು ಮಾಡಿಬಿಡುತ್ತದೆ. ಒಂದು ಪೆಟ್ಟಿಗೆಯಲ್ಲಿ ಹುಟ್ಟಿದ ಹುಳು ಪಕ್ಕದ ಪೆಟ್ಟಿಗೆಗಳನ್ನೂ ಬಿಡುವುದಿಲ್ಲ.

ದ್ವೀಪದ ಗಾಳಿ

ಇಷ್ಟೊಂದು ನಾಜೂಕಿನ ವಸ್ತು ಹುಟ್ಟಿದ್ದಾದರೂ ಎಲ್ಲಿ? 1492ರ ನವೆಂಬರ್‌ನಲ್ಲಿ ಕೊಲಂಬಸ್‌ನ ತಂಡದ ರೊಡ್ರಿಗೊ ದೆ ಹೆರೆಸ್ ಮತ್ತು ಲೂಯಿಸ್ ದೆ ತೋರೆಸ್ ಎಂಬಿಬ್ಬರು ಕ್ಯೂಬಾದ ಒಳನಾಡಿಗೆ ಹೋಗಿದ್ದರು. ಅಲ್ಲಿನ ಟೈನೊ ಜನ ಒಣಗಿದ ಎಲೆಗಳನ್ನು ಸುತ್ತಿ, ಒಂದು ತುದಿಗೆ ಬೆಂಕಿ ಹಚ್ಚಿ, ಇನ್ನೊಂದು ತುದಿಯಿಂದ ಹೊಗೆ ಎಳೆಯುವುದನ್ನು ಅವರು ಕಂಡರು. ಯುರೋಪಿನವರಿಗೆ ಚುರುಟಿನ ಪರಿಚಯವಾದದ್ದು ಹೀಗೆ.

ಕ್ಯೂಬಾದ ಪಶ್ಚಿಮದಲ್ಲಿ ಪಿನಾರ್ ದೆಲ್ ರಿಯೊ ಎಂಬ ಪ್ರಾಂತ್ಯವಿದೆ. ಅಲ್ಲಿನ ವ್ಯುಯೆಲ್ತಾ ಅಬಾಹೊ ಎಂಬ ಕೆಂಪು ಮಣ್ಣಿನ ಸೀಮೆ ಹೊಗೆಸೊಪ್ಪಿಗೆ ಜಗತ್ಪ್ರಸಿದ್ಧ. ಕೊಯ್ದ ಎಲೆಗಳನ್ನು ಎತ್ತರದ ಕೊಟ್ಟಿಗೆಗಳಲ್ಲಿ ಜೋಲುಬಿಟ್ಟು ವಾರಗಟ್ಟಲೆ ಒಣಗಿಸುತ್ತಾರೆ. ಬಳಿಕ ರಾಶಿ ಹಾಕಿ ಹುದುಗಲು ಬಿಡುತ್ತಾರೆ. ಆಗ ರಾಶಿ ತಾನಾಗಿ ಬಿಸಿಯೇರಿ, ಎಲೆಯ ಖಾರ ಇಳಿದು, ಹದ ಬರುತ್ತದೆ. ಸುತ್ತುವ ಮೊದಲು ಎಲೆಗಳಿಗೆ ನೀರು ಚಿಮುಕಿಸಿ ಮೆತ್ತಗೆ ಮಾಡುತ್ತಾರೆ, ಇಲ್ಲದಿದ್ದರೆ ಮಡಚಿದ ಕೂಡಲೇ ಮುರಿಯುತ್ತವೆ. ಸುತ್ತಿ ಮುಗಿದ ಸಿಗಾರ್‌ಗಳನ್ನು ಮರದ ಕಪಾಟುಗಳಲ್ಲಿ ಕೆಲವು ವಾರ ಇಟ್ಟು, ಹೆಚ್ಚಿನ ನೀರಿನಂಶ ಆರಿದ ಮೇಲಷ್ಟೇ ಪೆಟ್ಟಿಗೆಗೆ ತುಂಬುತ್ತಾರೆ. ಎಲೆಯ ಒಂದೊಂದು ಹಂತದಲ್ಲೂ ತೇವದ್ದೇ ಲೆಕ್ಕಾಚಾರ.

ಕಾರ್ಖಾನೆಗಳಿರುವ ಹವಾನಾದಲ್ಲಿ ಈ ಲೆಕ್ಕ ಹಿಡಿಯುವುದು ಕಷ್ಟವಲ್ಲ. ಕಡಲ ತೀರದ ಆ ನಗರದ ಗಾಳಿ ನಮ್ಮ ಮಂಗಳೂರಿನ ಗಾಳಿಯನ್ನು ನೆನಪಿಸುವಂಥದ್ದು, ವರ್ಷವಿಡೀ ಬೆಚ್ಚಗೆ, ತೇವವಾಗಿ ಇರುತ್ತದೆ. ತೊಂದರೆ ಶುರುವಾಗುವುದು ಹಡಗು ಬಂದರು ಬಿಟ್ಟಮೇಲೆ.

ಬಹುಕಾಲ ಸ್ಪೇನ್ ಸರಕಾರ ಕ್ಯೂಬಾದಿಂದ ಎಲೆಗಳನ್ನು ತರಿಸಿಕೊಂಡು ಸೆವಿಲ್ ನಗರದಲ್ಲಿ ಸಿಗಾರ್ ಮಾಡಿಸುತ್ತಿತ್ತು. 18ನೇ ಶತಮಾನದಲ್ಲಿ ಅಲ್ಲಿ ಕಟ್ಟಿದ ರಾಜ ಕಾರ್ಖಾನೆಯ ಭವ್ಯ ಕಟ್ಟಡ ಈಗ ಸೆವಿಲ್ ವಿಶ್ವವಿದ್ಯಾಲಯಕ್ಕೆ ಸೇರಿದೆ. ಬಿಡಿ ಎಲೆಗಳಿಗಿಂತ ಹವಾನಾದಲ್ಲೇ ಸುತ್ತಿದ ಸಿಗಾರ್ ದೀರ್ಘ ಪ್ರಯಾಣವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ ಎಂಬುದು ಕ್ರಮೇಣ ವ್ಯಾಪಾರಿಗಳ ಅನುಭವಕ್ಕೆ ಬಂತು. 1817ರಲ್ಲಿ ದೊರೆ ಏಳನೇ ಫರ್ಡಿನೆಂಡ್ ಹೊಗೆಸೊಪ್ಪಿನ ಮೇಲಿನ ಸರಕಾರಿ ಏಕಸ್ವಾಮ್ಯವನ್ನು ಕ್ಯೂಬಾದಲ್ಲಿ ತೆಗೆದುಹಾಕಿದ. ಆಮೇಲೆ ಹವಾನಾದಲ್ಲಿ ಕಾರ್ಖಾನೆಗಳು ನಾಯಿಕೊಡೆಗಳಂತೆ ಎದ್ದವು. ಸ್ಪೇನ್ ನೆಲದಲ್ಲಿ ನೆಪೋಲಿಯನ್ ಕಾಲದ ಯುದ್ಧ ಮಾಡಿ ಮನೆಗೆ ಮರಳಿದ ಇಂಗ್ಲಿಷ್ ಮತ್ತು ಫ್ರೆಂಚ್ ಸೈನಿಕರು ಅದಾಗಲೇ ಸಿಗಾರಿನ ಚಟವನ್ನು ತಮ್ಮ ದೇಶಗಳಿಗೆ ಒಯ್ದಿದ್ದರು.

ಬೇವಿನ ನೆಂಟ

ಹೀಗೆ ಬೇಡಿಕೆ ಬೆಳೆದಂತೆ ಸಾಗಣೆಯ ಪ್ರಶ್ನೆಯೂ ಬೆಳೆಯಿತು. ಅದಕ್ಕೆ ಸಿಕ್ಕ ಉತ್ತರ ಮರದ ಪೆಟ್ಟಿಗೆ. 1844ರಲ್ಲಿ ಹವಾನಾದಲ್ಲಿ ತನ್ನ ಹೆಸರಿನ ಸಿಗಾರ್ ಆರಂಭಿಸಿದ ಜರ್ಮನ್ ಮೂಲದ ಬ್ಯಾಂಕರ್ ಹರ್ಮನ್ ಉಪ್‌ಮನ್ ಈ ಪೆಟ್ಟಿಗೆಗಳನ್ನು ಬಳಕೆಗೆ ತಂದನೆಂದು ಹೇಳಲಾಗುತ್ತದೆ.

ಪೆಟ್ಟಿಗೆಯ ಮರಕ್ಕೆ ಸ್ಪ್ಯಾನಿಷ್ ಸೀಡರ್ ಎಂದು ಹೆಸರು. ಆದರೆ ಅದು ಸ್ಪೇನಿನದೂ ಅಲ್ಲ, ದೇವದಾರು ಜಾತಿಯ ಸೀಡರ್ ಕೂಡ ಅಲ್ಲ! ಮಧ್ಯ ಅಮೆರಿಕ ಮತ್ತು ಕೆರಿಬಿಯನ್ ಸೀಮೆಯ ಈ ಮರದ ವೈಜ್ಞಾನಿಕ ಹೆಸರು ಸೆಡ್ರೆಲಾ ಒಡೊರಾಟ. ಕುಟುಂಬದ ಲೆಕ್ಕದಲ್ಲಿ ಇದು ನಮ್ಮ ಬೇವಿಗೂ ಮಹಾಗನಿಗೂ ನೆಂಟ. ಪಶ್ಚಿಮ ಘಟ್ಟದ ಕಾಡುಗಳಲ್ಲಿ ಬೆಳೆಯುವ ಟೂನ್ ಮರವೂ ಇದೇ ಕುಟುಂಬದ್ದು. ಸ್ಪ್ಯಾನಿಷ್ ಸೀಡರ್ ಹಗುರ, ಪರಿಮಳಯುಕ್ತ. ಇದರ ವಾಸನೆ ಹುಳುಗಳಿಗೆ ಹಿಡಿಸದೆಂಬ ನಂಬಿಕೆಯೂ ಹಳೆಯದು. ಎಲ್ಲಕ್ಕಿಂತ ಮುಖ್ಯವಾಗಿ, ಇದೂ ಎಲೆಯಂತೆ ತೇವವನ್ನು ಹೀರಿಕೊಂಡು ನಿಧಾನವಾಗಿ ಬಿಟ್ಟುಕೊಡುತ್ತದೆ. ಸುತ್ತಲಿನ ಗಾಳಿ ಥಟ್ಟನೆ ಬದಲಾದರೆ ಅದರ ಏಟನ್ನು ಮೊದಲು ತಿನ್ನುವುದು ಪೆಟ್ಟಿಗೆಯೇ ಹೊರತು ಸಿಗಾರ್ ಅಲ್ಲ.

ಆದರೂ ಪೆಟ್ಟಿಗೆಯೊಂದೇ ಸಾಲದಾಯಿತು. ಚಳಿಗಾಲದಲ್ಲಿ ಬೆಂಕಿಗೂಡು ಉರಿಸಿ ಬೆಚ್ಚಗೆ ಮಾಡಿದ ಯುರೋಪಿನ ಮನೆಗಳ ಗಾಳಿ ತೀರಾ ಒಣಗಿರುತ್ತದೆ. ಆದ್ದರಿಂದ ವ್ಯಾಪಾರಿಗಳು ಸಿಗಾರ್‌ಗಳನ್ನು ತಂಪಾದ, ತೇವವಿರುವ ಕೋಣೆಗಳಲ್ಲಿಟ್ಟು, ಗಿರಾಕಿಗಳ ಪರವಾಗಿಯೂ ಕಾಯ್ದುಕೊಡಲಾರಂಭಿಸಿದರು. 1907ರಲ್ಲಿ ಡ್ಯೂಕ್ ಸ್ಟ್ರೀಟ್‌ನಲ್ಲಿ ಅಂಗಡಿ ತೆರೆದ ಆಲ್‌ಫ್ರೆಡ್ ಡನ್‌ಹಿಲ್ ಅಂಥವರಲ್ಲೊಬ್ಬ. ಮನೆಯಲ್ಲೇ ಇಟ್ಟುಕೊಳ್ಳಬೇಕೆನ್ನುವ ಶ್ರೀಮಂತರಿಗೆ, ಒಳಗೆ ನೀರು ಹೀರಿದ ಸ್ಪಂಜು ಇಡುವ, ಬಿಗಿಯಾಗಿ ಮುಚ್ಚುವ ಅಂದದ ಪೆಟ್ಟಿಗೆಗಳೂ ಬಂದವು. ತೇವ ಎಂಬರ್ಥದ ಪದದಿಂದಲೇ ಇವಕ್ಕೆ ಹ್ಯೂಮಿಡಾರ್ ಎಂಬ ಹೆಸರಾಯಿತು.

ಸ್ವಿಟ್ಜರ್‌ಲೆಂಡಿನ ಜಿನೀವಾದಲ್ಲಿ ಇದೇ ಕೆಲಸವನ್ನು ಮತ್ತಷ್ಟು ಶಾಸ್ತ್ರೋಕ್ತವಾಗಿ ಮಾಡಿದಾತ ಜಿನೊ ಡೇವಿಡಾಫ್. 1906ರಲ್ಲಿ ಕೀವ್‌ನಲ್ಲಿ ಹುಟ್ಟಿದ ಈತ ಬಾಲ್ಯದಲ್ಲೇ ಕುಟುಂಬದೊಂದಿಗೆ ಜಿನೀವಾಕ್ಕೆ ವಲಸೆ ಬಂದ. 1920ರ ದಶಕದಲ್ಲಿ ದಕ್ಷಿಣ ಅಮೆರಿಕ ಮತ್ತು ಕ್ಯೂಬಾ ಸುತ್ತಿ, ಹೊಗೆಸೊಪ್ಪಿನ ತೋಟಗಳಲ್ಲಿ ಪಳಗಿ ಹಿಂತಿರುಗಿದ. ತಂದೆಯ ಅಂಗಡಿಯ ನೆಲಮಾಳಿಗೆಯಲ್ಲಿ ಉಷ್ಣಾಂಶ, ತೇವ ಎರಡನ್ನೂ ಹತೋಟಿಯಲ್ಲಿಟ್ಟ ಉಗ್ರಾಣ ಕಟ್ಟಿದ. ಯುರೋಪಿನಲ್ಲಿ ಇಂಥದ್ದು ಇದೇ ಮೊದಲು ಎನ್ನುವವರಿದ್ದಾರೆ. ಹವಾನಾದ ಗಾಳಿಯನ್ನು ಆಲ್ಪ್ಸ್ ಪರ್ವತಗಳ ತಪ್ಪಲಿಗೆ ತಂದವನು ಎಂದರೆ ತಪ್ಪಾಗಲಾರದು.

ಬೆಂಗಳೂರಿನ ಲೆಫ್ಟಿನೆಂಟ್

ಡನ್‌ಹಿಲ್ ಮಳಿಗೆಯ ಆ ಪ್ರಸಿದ್ಧ ಗಿರಾಕಿಗೂ ನಮ್ಮ ಬೆಂಗಳೂರಿಗೂ ನಂಟಿದೆ. 1895ರ ಕೊನೆಯಲ್ಲಿ, ಇಪ್ಪತ್ತೊಂದರ ಹೊಸ್ತಿಲಲ್ಲಿದ್ದ ಚರ್ಚಿಲ್, ಸ್ಪೇನ್ ಸೇನೆಯ ಕಾರ್ಯಾಚರಣೆ ನೋಡಲೆಂದು ಕ್ಯೂಬಾಕ್ಕೆ ಹೋಗಿದ್ದರು. ಹವಾನಾ ಸಿಗಾರಿನೊಂದಿಗಿನ ಅವರ ಜೀವಮಾನದ ಗೆಳೆತನಕ್ಕೆ ಆ ಪ್ರವಾಸವನ್ನೇ ಬುನಾದಿಯೆಂದು ಹೇಳುತ್ತಾರೆ. ಮರುವರ್ಷವೇ, ಅಂದರೆ 1896ರಲ್ಲಿ, ನಾಲ್ಕನೇ ಹುಸಾರ್ಸ್ ಅಶ್ವದಳದ ಅಧಿಕಾರಿಯಾಗಿ ಬೆಂಗಳೂರು ದಂಡಿಗೆ ಬಂದರು. ಇಲ್ಲಿ ಅವರು ಪೋಲೊ ಆಡಿದರು, ಗುಲಾಬಿ ಬೆಳೆದರು, ಚಿಟ್ಟೆ ಸಂಗ್ರಹಿಸಿದರು. ಇಂದಿನ ಬೆಂಗಳೂರು ಕ್ಲಬ್ಬಿನ 1899ರ ದಾಖಲೆಯಲ್ಲಿ ಲೆಫ್ಟಿನೆಂಟ್ ಚರ್ಚಿಲ್ ಹೆಸರಿನ ಮುಂದೆ 13 ರೂಪಾಯಿ ಬಾಕಿ ಇಂದಿಗೂ ಹಾಗೆಯೇ ಉಳಿದಿದೆ.

ಆ ಕಾಲಕ್ಕೆ ತಿರುಚಿನಾಪಳ್ಳಿ ಮತ್ತು ದಿಂಡಿಗಲ್‌ನ ಚುರುಟುಗಳು ಇಂಗ್ಲೆಂಡಿನಲ್ಲೂ ಹೆಸರು ಮಾಡಿದ್ದವು. 1887ರಲ್ಲಿ ಬಂದ ಷರ್ಲಾಕ್ ಹೋಮ್ಸ್‌ನ ಮೊದಲ ಕಾದಂಬರಿಯಲ್ಲಿ ಪತ್ತೇದಾರನಿಗೆ ಕೊಲೆಗಾರನ ಸುಳಿವುಗಳಲ್ಲೊಂದಾಗಿ ಸಿಗುವುದು ತಿರುಚಿನಾಪಳ್ಳಿ ಚುರುಟಿನ ಬೂದಿ!

ಚರ್ಚಿಲ್ ಮಾತ್ರ ಹವಾನಾವನ್ನು ಬಿಡಲಿಲ್ಲ. ಇಂಗ್ಲೆಂಡಿನ ಚಾರ್ಟ್‌ವೆಲ್‌ನಲ್ಲಿರುವ ಅವರ ಮನೆಯಲ್ಲಿ, ಓದುವ ಕೋಣೆಯ ಪಕ್ಕದ ಕೋಣೆಯಲ್ಲೇ ಮೂರು ನಾಲ್ಕು ಸಾವಿರ ಸಿಗಾರ್‌ಗಳ ದಾಸ್ತಾನು ಇರುತ್ತಿತ್ತೆನ್ನಲಾಗಿದೆ. ಉಳಿದದ್ದಕ್ಕೆ ಡನ್‌ಹಿಲ್ ಇದ್ದೇ ಇತ್ತು.

ಒಂದು ಸಹಿ, ಒಂದು ನಿಷೇಧ

ಸಿಗಾರ್ ಕಾಯ್ದಿಡುವುದು ಅಲ್ಲಿಯವರೆಗೆ ಶ್ರೀಮಂತರ ಶೋಕಿಯಾಗಿತ್ತು. ಅದನ್ನು ಅನಿವಾರ್ಯವಾಗಿಸಿದ್ದು ರಾಜಕೀಯ. 1959ರಲ್ಲಿ ಫಿಡೆಲ್ ಕಾಸ್ಟ್ರೊ ಅಧಿಕಾರಕ್ಕೆ ಬಂದರು. 1960ರಲ್ಲಿ ಸಿಗಾರ್ ಕಾರ್ಖಾನೆಗಳು ರಾಷ್ಟ್ರೀಕರಣಗೊಂಡವು. ತಲೆಮಾರುಗಳಿಂದ ಉದ್ಯಮ ನಡೆಸಿದ್ದ ಹಲವು ಕುಟುಂಬಗಳು ದೇಶ ತೊರೆದವು.

1962ರ ಫೆಬ್ರವರಿ ಆರಂಭದಲ್ಲಿ ಅಮೆರಿಕದ ಅಧ್ಯಕ್ಷ ಜಾನ್ ಕೆನಡಿ ತಮ್ಮ ಪತ್ರಿಕಾ ಕಾರ್ಯದರ್ಶಿ ಪಿಯರ್ ಸಾಲಿಂಜರ್‌ಗೆ ಒಂದು ಕೆಲಸ ಒಪ್ಪಿಸಿದರು. ಮರುದಿನ ಬೆಳಗಾಗುವಷ್ಟರಲ್ಲಿ ಪೆಟಿಟ್ ಉಪ್‌ಮನ್ ಸಿಗಾರ್ ಸಾವಿರ ಬೇಕು ಎಂದು. ಸಾಲಿಂಜರ್ ಅಂಗಡಿ ಅಂಗಡಿ ಅಲೆದು 1,200 ಒಟ್ಟುಮಾಡಿದರು. ಆ ಸುದ್ದಿ ತಿಳಿದ ಮೇಲೆಯೇ ಕೆನಡಿ ಮೇಜಿನ ಖಾನೆಯಿಂದ ಕಾಗದ ತೆಗೆದು ಸಹಿ ಹಾಕಿದರಂತೆ. ಅದು ಕ್ಯೂಬಾದ ಸರಕುಗಳನ್ನು ಅಮೆರಿಕದಲ್ಲಿ ನಿಷೇಧಿಸುವ ಆದೇಶ! ಮೂವತ್ತು ವರ್ಷಗಳ ನಂತರ, 1992ರಲ್ಲಿ, ಸಾಲಿಂಜರ್ ಅವರೇ ಈ ಪ್ರಸಂಗವನ್ನು ಬರೆದಿದ್ದಾರೆ.

ನಿಷೇಧ ಜಾರಿಯಾದ ದಿನದಿಂದ ಅಮೆರಿಕನ್ನರ ಮನೆಯಲ್ಲಿದ್ದ ಪ್ರತಿಯೊಂದು ಹವಾನಾ ಸಿಗಾರ್ ಮತ್ತೆ ಸಿಗದ ವಸ್ತುವಾಯಿತು. ಸಿಗದ ವಸ್ತುವನ್ನು ಜೋಪಾನ ಮಾಡುವ ಆಸೆ ಹೆಚ್ಚುವುದು ಸಹಜವೇ. ಹ್ಯೂಮಿಡಾರ್ ಪೆಟ್ಟಿಗೆಗೂ ಬೆಲೆ ಬಂತು. 1996ರಲ್ಲಿ ನ್ಯೂಯಾರ್ಕಿನ ಸದಬೀಸ್ ಹರಾಜಿನಲ್ಲಿ ಕೆನಡಿಯವರ ಹ್ಯೂಮಿಡಾರ್, ಹಾಸ್ಯನಟ ಮಿಲ್ಟನ್ ಬರ್ಲ್ ಉಡುಗೊರೆಯಾಗಿ ಕೊಟ್ಟಿದ್ದ ಆ ಮರದ ಪೆಟ್ಟಿಗೆ, 5,74,500 ಡಾಲರಿಗೆ ಮಾರಾಟವಾಯಿತು. ಕೊಂಡವರು ಸಿಗಾರ್ ಪತ್ರಿಕೆಯೊಂದರ ಪ್ರಕಾಶಕ ಮಾರ್ವಿನ್ ಶಾಂಕೆನ್. ಅಮೆರಿಕದಲ್ಲಿ ಸಿಗಾರಿನ ಭರಾಟೆ ಉಕ್ಕೇರಿದ್ದ ದಿನಗಳು ಅವು.

ತಂಪು ಬೇರೆ, ತೇವ ಬೇರೆ

ಹರಾಜಿನ ಪೆಟ್ಟಿಗೆ ಎಲ್ಲರ ಕೈಗೆಟುಕುವುದಿಲ್ಲ. ಹಾಗಾದರೆ ಮನೆಯ ಫ್ರಿಜ್‌ನಲ್ಲಿ ಇಡಬಹುದಲ್ಲ? ಅನೇಕರು ಎಡವುವುದು ಇಲ್ಲೇ. ಫ್ರಿಜ್ ತಂಪು ಕೊಡುತ್ತದೆ ನಿಜ, ಆದರೆ ಜೊತೆಗೇ ಗಾಳಿಯನ್ನು ಒಣಗಿಸುತ್ತದೆ.

ಲೆಕ್ಕ ಹೀಗಿದೆ. 21 ಡಿಗ್ರಿ ಉಷ್ಣಾಂಶದ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 18 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಶೇಕಡಾ 70 ಆರ್ದ್ರತೆ ಎಂದರೆ ಅದರಲ್ಲಿ ಸುಮಾರು 13 ಗ್ರಾಂ ಇದೆ ಎಂದರ್ಥ. ಅದೇ ಗಾಳಿಯನ್ನು 5 ಡಿಗ್ರಿಗೆ ಇಳಿಸಿದರೆ ಅದಕ್ಕೆ 7 ಗ್ರಾಂ ಕೂಡ ಹೊರಲಾಗದು. ಉಳಿದದ್ದು ತಣ್ಣನೆಯ ಲೋಹದ ಮೇಲೆ ಹನಿಗಟ್ಟಿ ಕೊಳವೆಯ ಮೂಲಕ ಹೊರಹೋಗುತ್ತದೆ. ಆ ಗಾಳಿ ಮತ್ತೆ ಬೆಚ್ಚಗಾದಾಗ ಅದರ ಆರ್ದ್ರತೆ ಶೇಕಡಾ 40ನ್ನೂ ಮುಟ್ಟುವುದಿಲ್ಲ. ಕಂಪ್ರೆಸರ್ ಇರುವ ಫ್ರಿಜ್‌ನಲ್ಲಿ ತೆರೆದಿಟ್ಟ ಕೊತ್ತಂಬರಿ ಸೊಪ್ಪು ಬಾಡುವುದಕ್ಕೂ ಇದೇ ಕಾರಣ.

ವೈನ್ ಪ್ರಿಯರಿಗೂ ಇಂಥದ್ದೇ ಸಮಸ್ಯೆಯಿತ್ತು. ಗಾಳಿ ಒಣಗಿದರೆ ಸೀಸೆಯ ಬಿರಡೆ ಕುಗ್ಗಿ, ಒಳಗೆ ಗಾಳಿ ಹೊಕ್ಕು ವೈನ್ ಹಾಳಾಗುತ್ತದೆ. ನೆಲಮಾಳಿಗೆಯಿಲ್ಲದ ನಗರವಾಸಿಗಳಿಗಾಗಿ ಫ್ರಾನ್ಸಿನ ಯೂರೋಕೇವ್ ಸಂಸ್ಥೆ 1976ರಲ್ಲಿ ವೈನ್ ಕಪಾಟುಗಳನ್ನು ಮಾರುಕಟ್ಟೆಗೆ ತಂದಿತು. ಮುಂದೆ ಪುಟ್ಟದಾದ, ಅಗ್ಗದ ವೈನ್ ಕೂಲರ್‌ಗಳು ಬಂದವು. ಇವುಗಳಲ್ಲಿ ಹಲವಕ್ಕೆ ಕಂಪ್ರೆಸರ್ ಇಲ್ಲ.

ಕಂಪ್ರೆಸರ್ ಇಲ್ಲದೆ ತಂಪು ಹೇಗೆ? ಇದರ ಮೂಲ 1834ರಲ್ಲಿದೆ. ಮೊದಲು ಗಡಿಯಾರದ ಕಸುಬು ಮಾಡುತ್ತಿದ್ದ ಫ್ರಾನ್ಸಿನ ಷಾನ್ ಷಾರ್ಲ್ ಪೆಲ್ಟಿಯೆ, ಎರಡು ಬೇರೆ ಬೇರೆ ಲೋಹಗಳ ಬೆಸುಗೆಯ ಮೂಲಕ ವಿದ್ಯುತ್ ಹರಿಸಿದಾಗ, ಅದು ಹರಿಯುವ ದಿಕ್ಕಿಗೆ ತಕ್ಕಂತೆ ಬೆಸುಗೆ ಬಿಸಿಯಾಗುವುದನ್ನು ಇಲ್ಲವೇ ತಣ್ಣಗಾಗುವುದನ್ನು ಗುರುತಿಸಿದ. 1838ರಲ್ಲಿ ಲೆನ್ಸ್ ಎಂಬ ವಿಜ್ಞಾನಿ ಇಂಥ ಬೆಸುಗೆಯ ಮೇಲೆ ನೀರಿನ ಹನಿಯನ್ನು ಮಂಜುಗಡ್ಡೆ ಮಾಡಿ ತೋರಿಸಿದ. ಆದರೆ ಇದು ಉಪಯೋಗಕ್ಕೆ ಬಂದದ್ದು 1950ರ ದಶಕದಲ್ಲಿ, ಅರೆವಾಹಕಗಳ ಅಧ್ಯಯನ ಮುಂದುವರಿದ ಮೇಲೆ. ಸೋವಿಯತ್ ವಿಜ್ಞಾನಿ ಅಬ್ರಾಮ್ ಯೋಫೆ ಈ ಕ್ಷೇತ್ರದ ಪ್ರಮುಖ ಹೆಸರು. ಈಗಿನ ಕೂಲರ್‌ಗಳಲ್ಲಿರುವುದು ಬಿಸ್ಮತ್ ಟೆಲ್ಯೂರೈಡ್ ಎಂಬ ಅರೆವಾಹಕದ ಪುಟ್ಟ ಬಿಲ್ಲೆ.

ಈ ಬಿಲ್ಲೆಯ ಶಕ್ತಿ ಕಡಿಮೆ. ಕೋಣೆಯ ಉಷ್ಣಾಂಶಕ್ಕಿಂತ ಹತ್ತು ಹನ್ನೆರಡು ಡಿಗ್ರಿ ಇಳಿಸುವಷ್ಟರಲ್ಲಿ ಅದು ಸುಸ್ತಾಗುತ್ತದೆ. ಹಾಲು ಕಾಯ್ದಿಡಲು ಇದು ದೋಷ, ಸಿಗಾರಿಗೆ ಇದೇ ವರ. ಮೆಲ್ಲಗೆ ತಂಪು ಮಾಡುವುದರಿಂದ ಗಾಳಿಯ ತೇವ ಅಷ್ಟಾಗಿ ಹನಿಗಟ್ಟಿ ಹೋಗುವುದಿಲ್ಲ.

ಕೂಲರಿಗೆ ಮರುಜನ್ಮ

ಈ ಶತಮಾನದಲ್ಲಿ ಅಮೆರಿಕದ ಸಿಗಾರ್ ಪ್ರಿಯರು ಈ ಗುಣವನ್ನು ಚೆನ್ನಾಗಿ ಬಳಸಿಕೊಂಡರು. ವೈನ್, ಹ್ಯೂಮಿಡಾರ್ ಎರಡನ್ನೂ ಬೆಸೆದು ವೈನಡಾರ್ ಎಂಬ ಹೊಸ ಪದವನ್ನೇ ಕಟ್ಟಿದರು. ಮಾಡುವ ಕ್ರಮ ಕಷ್ಟದ್ದಲ್ಲ, ತಾಳ್ಮೆ ಬೇಕಷ್ಟೆ.

ಮೊದಲು ಹೊಸ ಪ್ಲಾಸ್ಟಿಕ್ಕಿನ ವಾಸನೆ ಹೋಗಬೇಕು. ಎಲೆ ತೇವವನ್ನು ಹೀರಿದಂತೆ ವಾಸನೆಯನ್ನೂ ಹೀರುತ್ತದೆ. ಅಡುಗೆ ಸೋಡಾ ಕಲಸಿದ ನೀರಿನಲ್ಲಿ ಒರೆಸಿ, ಬಾಗಿಲು ತೆರೆದಿಟ್ಟು, ಮುದುರಿದ ಸುದ್ದಿಪತ್ರಿಕೆ ಅಥವಾ ಇದ್ದಿಲು ಇಟ್ಟು ದಿನಗಟ್ಟಲೆ ಕಾಯಬೇಕು. ಅನಂತರ ನೀರು ಹೊರಹೋಗುವ ತೂತನ್ನು ಮುಚ್ಚಬೇಕು, ಇಲ್ಲದಿದ್ದರೆ ತೇವವೆಲ್ಲ ಅಲ್ಲಿಂದಲೇ ಸೋರುತ್ತದೆ. ಸೀಸೆ ಇಡುವ ತಂತಿಯ ತಟ್ಟೆಗಳನ್ನು ತೆಗೆದು ಬಡಗಿಯಿಂದ ಸ್ಪ್ಯಾನಿಷ್ ಸೀಡರ್‌ನ ಹಲಗೆಗಳನ್ನು ಕೂಡಿಸಬೇಕು. ಹೊಸ ಹಲಗೆ ತಾನೇ ಬಾಯಾರಿರುತ್ತದೆ, ಸಿಗಾರಿನ ತೇವವನ್ನೇ ಕುಡಿದುಬಿಡುತ್ತದೆ. ಹಾಗಾಗಿ ಒಂದೆರಡು ವಾರ ಒಳಗೆ ಡಿಸ್ಟಿಲ್ಡ್ ನೀರಿನ ಬಟ್ಟಲು ಇಟ್ಟು ಮರವನ್ನು ಹದಗೊಳಿಸಬೇಕು. ನಲ್ಲಿಯ ನೀರಾದರೆ ಬೂಷ್ಟಿನ ಭಯ.

ಆಮೇಲೆ ತೇವದ ಮೂಲ. ಹೆಚ್ಚಾದರೆ ಹೀರಿ, ಕಡಿಮೆಯಾದರೆ ಬಿಡುವ ಪೊಟ್ಟಣಗಳೂ ಸಿಲಿಕಾ ಮಣಿಗಳೂ ಈಗ ಸಿಗುತ್ತವೆ. ತಂಪು ಗಾಳಿ ಕೆಳಗೆ, ಬೆಚ್ಚನೆಯದು ಮೇಲೆ ನಿಲ್ಲುವುದರಿಂದ ಸಣ್ಣದೊಂದು ಫ್ಯಾನ್ ಇದ್ದರೆ ಒಳ್ಳೆಯದು. ಗಾಜಿನ ಬಾಗಿಲಿಗೆ ಬಿಸಿಲು ತಾಗಬಾರದು. ಹುಳುವಿನ ಅನುಮಾನವಿದ್ದರೆ ಸಿಗಾರ್‌ಗಳನ್ನು ಬಿಗಿ ಚೀಲದಲ್ಲಿ ಹಾಕಿ ಕೆಲವು ದಿನ ಫ್ರೀಜರ್‌ನಲ್ಲಿಟ್ಟು, ಒಂದು ದಿನ ಫ್ರಿಜ್‌ನಲ್ಲಿಟ್ಟು, ನಿಧಾನವಾಗಿ ಹೊರತರಬೇಕು. ಅವಸರ ಮಾಡಿದರೆ ಹೊರ ಎಲೆ ಸೀಳುತ್ತದೆ.

ಉಷ್ಣಾಂಶವನ್ನು 18 ಡಿಗ್ರಿಗಿಂತ ಕೆಳಗಿಳಿಸುವ ಆಸೆ ಒಳ್ಳೆಯದಲ್ಲ. ಕೋಣೆಯೇ ತಂಪಾಗಿದ್ದರೆ ಪ್ಲಗ್ಗನ್ನೇ ಕಿತ್ತಿಡಬಹುದು. ಆಗ ವಿದ್ಯುತ್ ಯಂತ್ರ ಮತ್ತೆ ಬರೀ ಮರದ ಪೆಟ್ಟಿಗೆಯಾಗುತ್ತದೆ, ಉಪ್‌ಮನ್ ಕಾಲದ ಪೆಟ್ಟಿಗೆಯಂತೆಯೇ.

ಒಂದು ಚಮಚ ಉಪ್ಪು

ಇಷ್ಟೆಲ್ಲ ಜೋಪಾನ ಮಾಡುವುದು ಕೊನೆಗೆ ಸುಡುವುದಕ್ಕಾಗಿ ಎಂಬುದನ್ನು ಮರೆಯುವಂತಿಲ್ಲ. ಹೊಗೆಯನ್ನು ಒಳಗೆಳೆದುಕೊಳ್ಳದಿದ್ದರೆ ಸಿಗಾರಿನಿಂದ ಅಪಾಯವಿಲ್ಲ ಎಂಬ ಮಾತು ಸುಳ್ಳೆಂದು ವೈದ್ಯವಿಜ್ಞಾನ ಎಂದೋ ಹೇಳಿದೆ. ಬಾಯಿ, ಗಂಟಲು, ಅನ್ನನಾಳ, ಶ್ವಾಸಕೋಶದ ಕ್ಯಾನ್ಸರ್‌ಗಳಿಗೆ ಸಿಗಾರ್ ಕೂಡ ಕಾರಣ. ಎಷ್ಟೇ ಚೆಂದದ ಪೆಟ್ಟಿಗೆಯಲ್ಲಿಟ್ಟರೂ ಈ ಗುಣ ಬದಲಾಗುವುದಿಲ್ಲ.

ಆದರೆ ಪೆಟ್ಟಿಗೆಯ ಇತಿಹಾಸ ಹೇಳುವ ಪಾಠ ಸಿಗಾರ್ ಸೇದದವರಿಗೂ ಸಲ್ಲುತ್ತದೆ. ಬೀಜ, ಬೇಳೆ, ಹಳೆಯ ತಾಳೆಗರಿ, ವೀಣೆಯ ಮರ, ಯಾವುದನ್ನೇ ಕಾಯ್ದಿಡಬೇಕಾದರೂ ಮೊದಲು ಕಾಯಬೇಕಾದದ್ದು ಅದರ ಸುತ್ತಲಿನ ಗಾಳಿಯನ್ನು. ಯಂತ್ರ ಎಷ್ಟು ದುಬಾರಿಯದು ಎನ್ನುವುದಕ್ಕಿಂತ ಅದು ಆ ಗಾಳಿಗೆ ಏನು ಮಾಡುತ್ತದೆ ಎಂಬುದೇ ಮುಖ್ಯ.

ಅಂದ ಹಾಗೆ, ವೈನಡಾರ್ ಒಳಗಿನ ಆರ್ದ್ರತಾ ಮಾಪಕ ಸರಿಯಾಗಿದೆಯೇ ಎಂದು ತಿಳಿಯಲು ಯಾವ ಪ್ರಯೋಗಾಲಯವೂ ಬೇಡ. ಪುಟ್ಟ ಮುಚ್ಚಳದಲ್ಲಿ ಒಂದು ಚಮಚ ಅಡುಗೆ ಉಪ್ಪು ಹಾಕಿ, ಕೆಲವು ಹನಿ ನೀರು ಬೆರೆಸಿ ಗಟ್ಟಿಯಾಗಿ ಕಲಸಿ, ಮಾಪಕದೊಂದಿಗೆ ಬಿಗಿ ಡಬ್ಬದಲ್ಲಿ ರಾತ್ರಿಯಿಡೀ ಮುಚ್ಚಿಡಬೇಕು. ಬೆಳಿಗ್ಗೆ ಮಾಪಕ ಶೇಕಡಾ 75 ತೋರಿಸಬೇಕು. ಒದ್ದೆ ಉಪ್ಪಿನ ಸುತ್ತ ಮುಚ್ಚಿದ ಗಾಳಿ ಯಾವಾಗಲೂ ಅಲ್ಲಿಗೇ ಬಂದು ನಿಲ್ಲುತ್ತದೆ. ಅರೆವಾಹಕದ ಬಿಲ್ಲೆಯಿರುವ ಯಂತ್ರಕ್ಕೂ ಕೊನೆಗೆ ಸಾಕ್ಷಿ ಹೇಳುವುದು ನಮ್ಮ ಅಡುಗೆಮನೆಯ ಉಪ್ಪೇ.